ಅಪ್ಪ ಇನ್ನೂ ಬಂದಿಲ್ಲ: ಅರ್ಧ ಗೊತ್ತಿರುವ ವಹಿವಾಟನ್ನು ನೋಡ್ ಏನು ಮಾಡುತ್ತದೆ?

ನಮಸ್ಕಾರ. ಕ್ರಿಪ್ಟೋಕರೆನ್ಸಿ ಅಂದ ಕೂಡಲೇ ಬೆಲೆ ಏರಿತೋ ಇಳಿಯಿತೋ ಎಂಬ ಮಾತು ಶುರುವಾಗುತ್ತದೆ. ಇವತ್ತು ನಾನು ಆ ಗೊಡವೆಗೆ ಹೋಗುವುದಿಲ್ಲ. ಬಿಟ್‌ಕಾಯಿನ್ ಜಾಲದೊಳಗಿನ ಒಂದು ಸಣ್ಣ ಮೂಲೆಯ ಬಗ್ಗೆ ಮಾತ್ರ ಮಾತಾಡುತ್ತೇನೆ. ಪರಿಚಯದ ಪುಸ್ತಕಗಳು ಒಂದೇ ಸಾಲಿನಲ್ಲಿ ದಾಟಿಹೋಗುವ ಮೂಲೆ ಅದು. ಆದರೆ ಕಳೆದ ಕೆಲವು ವರ್ಷಗಳಲ್ಲಿ ಈ ಜಾಲ ನಡೆಸುವ ಮುಖ್ಯ ತಂತ್ರಾಂಶವಾದ ಬಿಟ್‌ಕಾಯಿನ್ ಕೋರ್ ಬರೆಯುವವರ ತಲೆಯನ್ನು ಅದು ತಿಂದಷ್ಟು ಬೇರೆ ಕೆಲವೇ ಸಂಗತಿಗಳು ತಿಂದಿರಬಹುದು.

ನೋಡ್ ಎಂದರೆ ಜಾಲದ ನಿಯಮಗಳನ್ನು ಯಾರನ್ನೂ ನಂಬದೆ ತಾನೇ ಪರೀಕ್ಷಿಸುವ ಕಂಪ್ಯೂಟರ್. ಅದಕ್ಕೆ ಒಂದು ವಹಿವಾಟು ಬಂದು ತಲುಪುತ್ತದೆ. ಸರಿ ಇದ್ದರೆ ಮೆಂಪೂಲ್‌ಗೆ ಸೇರಿಸುತ್ತದೆ, ಅಂದರೆ ಬ್ಲಾಕ್ ಎಂಬ ಖಾಯಂ ಲೆಕ್ಕದ ಪುಟವನ್ನು ಇನ್ನೂ ಸೇರದ ವಹಿವಾಟುಗಳು ಕಾಯುವ ಜಾಗಕ್ಕೆ. ತಪ್ಪಿದ್ದರೆ ಎಸೆಯುತ್ತದೆ. ಎಲ್ಲರೂ ಹೇಳುವ ಕಥೆ ಇಷ್ಟೇ. ಮೂರನೆಯ ಸ್ಥಿತಿಯೊಂದಿದೆ: ಸರಿಯೋ ತಪ್ಪೋ ನೋಡ್‌ಗೆ ಹೇಳಲಿಕ್ಕೇ ಆಗದ ಸ್ಥಿತಿ.

ಸಿನಿಮಾ ಮಂದಿರದ ಬಾಗಿಲಲ್ಲಿ ಒಬ್ಬ ಹುಡುಗ ನಿಂತು, "ಅಪ್ಪ ಹಿಂದೆ ಬರ್ತಿದ್ದಾರೆ, ಟಿಕೆಟ್ ಅವರ ಹತ್ತಿರ ಇದೆ" ಅನ್ನುತ್ತಾನೆ. ನಿಜ ಇರಬಹುದು, ಸುಳ್ಳೂ ಇರಬಹುದು. ಒಳಗೆ ಬಿಡುವ ಹಾಗಿಲ್ಲ, ಓಡಿಸುವುದೂ ನ್ಯಾಯವಲ್ಲ. ಪಕ್ಕದಲ್ಲಿ ನಿಲ್ಲು ಅನ್ನಬೇಕು. ಎಷ್ಟು ಹೊತ್ತು? ಅಂಥ ಹುಡುಗರು ಸಾವಿರ ಜನ ಬಂದರೆ? ಇವತ್ತಿನ ಮಾತೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ತಾಂತ್ರಿಕವಾಗಿ ಏನಾಗುತ್ತದೆ ನೋಡೋಣ. ಬಿಟ್‌ಕಾಯಿನ್‌ನಲ್ಲಿ ಖಾತೆ ಎಂಬುದಿಲ್ಲ. ಪ್ರತಿ ವಹಿವಾಟೂ ಹಿಂದಿನ ಯಾವುದೋ ವಹಿವಾಟಿನ ಔಟ್‌ಪುಟ್ ಅನ್ನು, ಅಂದರೆ ಅದು ಹೊರಗೆ ಕೊಟ್ಟ ಹಣದ ಒಂದು ತುಂಡನ್ನು, ಖರ್ಚು ಮಾಡುತ್ತದೆ. ಅದರ ಇನ್‌ಪುಟ್‌ನಲ್ಲಿ ಮುಖ್ಯವಾಗಿ ಇರುವುದು ಎರಡೇ ಸುಳಿವು: ಹಿಂದಿನ ವಹಿವಾಟಿನ ಗುರುತು, ಅಂದರೆ ಟಿಎಕ್ಸ್‌ಐಡಿ, ಮತ್ತು ಅದರಲ್ಲಿ ಎಷ್ಟನೆಯ ಔಟ್‌ಪುಟ್ ಎಂಬ ಕ್ರಮಸಂಖ್ಯೆ. ಎಷ್ಟು ಹಣ ಬರುತ್ತಿದೆ ಎಂಬುದನ್ನು ಇನ್‌ಪುಟ್ ಹೇಳುವುದಿಲ್ಲ. ಅದನ್ನು ಖರ್ಚು ಮಾಡುವ ಹಕ್ಕು ಯಾರದು ಎಂಬುದನ್ನೂ ಹೇಳುವುದಿಲ್ಲ. ಅವೆರಡೂ ಹಿಂದಿನ ವಹಿವಾಟಿನಲ್ಲಿ ಕೂತಿವೆ. ಅದನ್ನು ಪೋಷಕ ವಹಿವಾಟು ಎನ್ನೋಣ, ಖರ್ಚು ಮಾಡುವುದನ್ನು ಮಗು ಎನ್ನೋಣ.

ಪೋಷಕ ಕೈಯಲ್ಲಿಲ್ಲದಾಗ ನೋಡ್ ಪರೀಕ್ಷಿಸಬಹುದಾದದ್ದು ಬಹಳ ಕಡಿಮೆ. ಗಾತ್ರ ಮಿತಿಯೊಳಗಿದೆಯೇ, ಒಂದೇ ಇನ್‌ಪುಟ್ ಎರಡು ಸಲ ಬಂದಿದೆಯೇ, ಔಟ್‌ಪುಟ್‌ಗಳ ಮೊತ್ತ 2.1 ಕೋಟಿ ಬಿಟ್‌ಕಾಯಿನ್ ಮೀರಿದೆಯೇ ಎಂಬಂಥ ಹೊರಗಿನ ತಪಾಸಣೆ ಅಷ್ಟೇ. ಸಹಿ ಸರಿಯೇ ಎಂದು ನೋಡಲಾಗದು. ಇನ್ನೂ ಮುಖ್ಯವಾಗಿ, ಶುಲ್ಕ ಎಷ್ಟು ಎಂದು ಲೆಕ್ಕ ಹಾಕಲಾಗದು. ಒಳಬಂದ ಹಣದಿಂದ ಹೊರಹೋದ ಹಣ ಕಳೆದರೆ ಉಳಿಯುವುದೇ ಶುಲ್ಕ. ಒಳಬಂದದ್ದೇ ಗೊತ್ತಿಲ್ಲದಿದ್ದರೆ ಕಳೆಯುವುದು ಯಾವುದರಿಂದ?

ಈ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಬಿಟ್‌ಕಾಯಿನ್ ಜಾಲದಲ್ಲಿ ಕಸ ಸುರಿಯುವವರನ್ನು ತಡೆಯುವ ಮುಖ್ಯ ಆಯುಧ ಶುಲ್ಕ. ಮೆಂಪೂಲ್ ತುಂಬಿದರೆ ಕಡಿಮೆ ಶುಲ್ಕದವರು ಹೊರಗೆ, ಹೆಚ್ಚು ಕೊಟ್ಟವರು ಒಳಗೆ. ಈ ಮೂಲೆಯಲ್ಲಿ ಮಾತ್ರ ಆ ಆಯುಧಕ್ಕೆ ಅಲಗೇ ಇಲ್ಲ. ಇಲ್ಲಿ ಕಾಯುತ್ತಿರುವ ಯಾರೂ ಏನೂ ಕೊಟ್ಟಿಲ್ಲ, ಕೊಡುತ್ತಾರೆ ಎಂಬ ಖಾತ್ರಿಯೂ ಇಲ್ಲ.

ಇಂಥ ವಹಿವಾಟಿಗೆ ಅನಾಥ ವಹಿವಾಟು ಎನ್ನುತ್ತಾರೆ. ಅಪೂರ್ಣ ಎಂದು ಕರೆಸಿಕೊಳ್ಳುವ ಬೇರೆ ಎರಡು ಬಗೆಗಳ ಜೊತೆ ಇದನ್ನು ಕಲಸಬೇಡಿ. ಹಲವರ ಸಹಿ ಬೇಕಿರುವ, ಇನ್ನೂ ಕೆಲವರ ಸಹಿ ಬೀಳದಿರುವ ವಹಿವಾಟನ್ನು ವ್ಯಾಲೆಟ್‌ಗಳು ಪಿಎಸ್‌ಬಿಟಿ ಎಂಬ ರೂಪದಲ್ಲಿ ತಮ್ಮತಮ್ಮಲ್ಲೇ ಸಾಗಿಸುತ್ತವೆ. ಬಿಐಪಿ 174 ಅದರ ನಿಯಮಾವಳಿ (ಬಿಐಪಿ ಎಂದರೆ ಬಿಟ್‌ಕಾಯಿನ್ ಸುಧಾರಣೆಯ ಪ್ರಸ್ತಾವ). ಅದು ಜಾಲಕ್ಕೆ ಬರುವುದೇ ಇಲ್ಲ, ಬಂದರೂ ಸಹಿ ತಪ್ಪು ಎಂದು ಬಿದ್ದುಹೋಗುತ್ತದೆ. ಇಂಥ ಬ್ಲಾಕ್‌ವರೆಗೆ ಸೇರಿಸಬೇಡಿ ಎಂದು ಲಾಕ್‌ಟೈಮ್ ಹಾಕಿದ ವಹಿವಾಟು ಅವಧಿಗೆ ಮುಂಚೆ ಬಂದರೆ ನೋಡ್ ಅದನ್ನು ಇಟ್ಟುಕೊಳ್ಳುವುದಿಲ್ಲ, ಸೀದಾ ನಿರಾಕರಿಸುತ್ತದೆ. ಕಾಯುವ ಭಾಗ್ಯ ಅನಾಥ ವಹಿವಾಟಿಗೆ ಮಾತ್ರ.

ಪೋಷಕ ಮೊದಲು ಹುಟ್ಟಿದ್ದರೂ ಮಗು ಮೊದಲು ಬರುವುದು ಹೇಗೆ ಎಂದು ಯಾರಾದರೂ ಕೇಳಬೇಕು. ನೋಡ್‌ಗಳು ವಹಿವಾಟನ್ನು ನೇರವಾಗಿ ತಳ್ಳುವುದಿಲ್ಲ. ಮೊದಲು "ನನ್ನ ಬಳಿ ಇಂಥದ್ದು ಇದೆ" ಎಂಬ ಇನ್ವ್ ಸಂದೇಶ, ಬೇಕಿದ್ದವರು "ಕೊಡು" ಎನ್ನುವ ಗೆಟ್‌ಡೇಟಾ, ಆಮೇಲೆ ವಹಿವಾಟು. ಇನ್ವ್ ಕಳಿಸುವಾಗಲೂ ಬೇಕೆಂದೇ ಅಡ್ಡಾದಿಡ್ಡಿ ತಡ ಮಾಡುತ್ತಾರೆ. ಬಿಟ್‌ಕಾಯಿನ್ ಕೋರ್‌ನಲ್ಲಿ ತಾನಾಗಿ ಕಟ್ಟಿಕೊಂಡ ಸಂಪರ್ಕಗಳಿಗೆ ಸರಾಸರಿ 2 ಸೆಕೆಂಡು, ಹೊರಗಿನಿಂದ ಬಂದ ಸಂಪರ್ಕಗಳಿಗೆ ಸರಾಸರಿ 5 ಸೆಕೆಂಡು. ವಹಿವಾಟು ಮೊದಲು ಎಲ್ಲಿ ಹುಟ್ಟಿತು ಎಂದು ಹೊರಗಿನವರಿಗೆ ತಿಳಿಯಬಾರದು ಎಂಬುದು ಇದರ ಉದ್ದೇಶ. ಒಂದೇ ನೆರೆಯ ನೋಡ್‌ಗೆ ಹೇಳುವಾಗ ಪೋಷಕ ಮೊದಲು, ಮಗು ಆಮೇಲೆ ಎಂಬ ಕ್ರಮವನ್ನು ಕೋರ್ ಪಾಲಿಸುತ್ತದೆ. ಆದರೆ ಕೇಳುವ ನೋಡ್ ಪೋಷಕನನ್ನು ಒಬ್ಬರ ಬಳಿ, ಮಗುವನ್ನು ಇನ್ನೊಬ್ಬರ ಬಳಿ ಕೇಳಿರಬಹುದು. ಮೊದಲನೆಯವನು ಸುಮ್ಮನೆ ಕೂತರೆ ಬೇರೆಯವನನ್ನು ಕೇಳುವ ಮುನ್ನ ನೋಡ್ 60 ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಮಗು ಬಂದು ಬಾಗಿಲಲ್ಲಿ ನಿಂತಿರುತ್ತದೆ.

ಆಗಷ್ಟೇ ಶುರುವಾದ ನೋಡ್‌ನದು ಇನ್ನೊಂದು ಕಥೆ. ಅದರ ಮೆಂಪೂಲ್ ಖಾಲಿ. ಹತ್ತು ನಿಮಿಷ ಮೊದಲು ಜಾಲದಲ್ಲಿ ಓಡಾಡಿದ ಪೋಷಕರ ಸುದ್ದಿ ಅದಕ್ಕಿಲ್ಲ, ಈಗ ಹುಟ್ಟುತ್ತಿರುವ ಮಕ್ಕಳ ಸುದ್ದಿ ಮಾತ್ರ ಬರುತ್ತಿದೆ.

ಅನಾಥ ಎಂದು ಗೊತ್ತಾದಾಗ ನೋಡ್ ಮೊದಲು ತನ್ನ ನಿರಾಕರಣೆಯ ನೆನಪನ್ನು ತಡಕುತ್ತದೆ. ಇತ್ತೀಚೆಗೆ ತಾನು ತಿರಸ್ಕರಿಸಿದ ವಹಿವಾಟುಗಳ ಗುರುತುಗಳನ್ನು ಬ್ಲೂಮ್ ಫಿಲ್ಟರ್ ಎಂಬ ಇಕ್ಕಟ್ಟಾದ ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತದೆ. ಸುಮಾರು 1,20,000 ಗುರುತುಗಳು, ತಪ್ಪಿ ಹೌದೆನ್ನುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು. ಕಾಣೆಯಾದ ಪೋಷಕ ಆ ಪಟ್ಟಿಯಲ್ಲಿದ್ದರೆ ಮಗುವಿಗೂ ಬಾಗಿಲು ಮುಚ್ಚುತ್ತದೆ. ಹೊಸ ಬ್ಲಾಕ್ ಬಂದಾಗ ಪಟ್ಟಿ ಅಳಿಸಿಹೋಗುತ್ತದೆ, ಯಾಕೆಂದರೆ ನಿನ್ನೆ ತಪ್ಪಾಗಿದ್ದದ್ದು ಹೊಸ ಬ್ಲಾಕ್ ಬಂದ ಮೇಲೆ ಸರಿಯಾಗಿರಬಹುದು. ಪೋಷಕ ಪಟ್ಟಿಯಲ್ಲಿ ಇಲ್ಲದಿದ್ದರೆ ಮಗುವನ್ನು ಅನಾಥಾಲಯ ಎಂದು ಕೋಡ್‌ನಲ್ಲಿ ಹೆಸರಿರುವ ಜಾಗದಲ್ಲಿಟ್ಟು, ಅದರ ಸುದ್ದಿ ತಂದ ನೆರೆಯವನನ್ನು ಪೋಷಕನಿಗಾಗಿ ಕೇಳುತ್ತದೆ. ಪೋಷಕ ಬಂದು ಒಪ್ಪಿತವಾದರೆ ಮಗುವನ್ನು ಮತ್ತೆ ಪೂರ್ತಿ ಪರೀಕ್ಷಿಸುತ್ತದೆ. ಪರೀಕ್ಷೆ ಮುಗಿಯುವವರೆಗೆ ಅನಾಥವನ್ನು ಬೇರೆ ಯಾರಿಗೂ ದಾಟಿಸುವುದಿಲ್ಲ. ಗಾಳಿಸುದ್ದಿ ಹಬ್ಬಿಸದಿರುವ ಈ ಶಿಸ್ತು ಇಲ್ಲದಿದ್ದರೆ ಜಾಲ ಒಂದೇ ದಿನಕ್ಕೆ ಕಸದ ಗುಂಡಿಯಾಗುತ್ತಿತ್ತು.

ಇಲ್ಲೊಂದು ಸೂಕ್ಷ್ಮ ಇದೆ. 2017ರ ಆಗಸ್ಟ್‌ನಲ್ಲಿ ಸೆಗ್‌ವಿಟ್, ಅಂದರೆ ಸಹಿಗಳನ್ನು ವಹಿವಾಟಿನ ಉಳಿದ ಭಾಗದಿಂದ ಬೇರೆ ಮಾಡಿದ ಬದಲಾವಣೆ, ಜಾರಿಯಾದ ಮೇಲೆ ವಹಿವಾಟಿಗೆ ಎರಡು ಗುರುತುಗಳು. ಟಿಎಕ್ಸ್‌ಐಡಿಯಲ್ಲಿ ಸಹಿಗಳ ಭಾಗ ಸೇರುವುದಿಲ್ಲ, ಡಬ್ಲ್ಯೂಟಿಎಕ್ಸ್‌ಐಡಿಯಲ್ಲಿ ಸೇರುತ್ತದೆ. ಹಾಗಾಗಿ ಯಾರು ಬೇಕಾದರೂ ನಿಮ್ಮ ಮಗುವಿನ ಸಹಿಯ ಭಾಗದಲ್ಲಿ ಕಸ ತುಂಬಿ, ಅದೇ ಟಿಎಕ್ಸ್‌ಐಡಿ ಇರುವ ನಕಲನ್ನು ಕಳಿಸಬಹುದು. ಅನಾಥದ ಸಹಿಯನ್ನು ಪರೀಕ್ಷಿಸಲು ಆಗುವುದಿಲ್ಲವಲ್ಲ, ನಕಲಿ ಎಂದು ಗೊತ್ತಾಗುವುದೂ ಇಲ್ಲ. ಟಿಎಕ್ಸ್‌ಐಡಿ ನೋಡಿ ಇಟ್ಟುಕೊಂಡರೆ ನಕಲಿ ಬಂದು ಕೂತಿದೆ ಎಂಬ ಕಾರಣಕ್ಕೆ ಅಸಲಿಗೆ ಜಾಗ ಸಿಗದೆ ಹೋಗುತ್ತದೆ. ಆದ್ದರಿಂದ ಈಗ ಅನಾಥಗಳನ್ನು ಡಬ್ಲ್ಯೂಟಿಎಕ್ಸ್‌ಐಡಿ ಪ್ರಕಾರ ಇಡುತ್ತಾರೆ. ಪೋಷಕನನ್ನು ಕೇಳುವಾಗ ಮಾತ್ರ ಟಿಎಕ್ಸ್‌ಐಡಿಯೇ ಗತಿ, ಯಾಕೆಂದರೆ ಇನ್‌ಪುಟ್‌ನಲ್ಲಿ ಬರೆದಿರುವುದು ಅದೊಂದೇ.

ಇನ್ನು ಹುಡುಗರು ಸಾವಿರ ಜನ ಬಂದರೆ ಎಂಬ ಪ್ರಶ್ನೆ.

ಇಲ್ಲದ ಪೋಷಕನ ಹೆಸರು ಬರೆದು ಲಕ್ಷ ಅನಾಥಗಳನ್ನು ತಯಾರಿಸುವುದಕ್ಕೆ ಆಕ್ರಮಣಕಾರನಿಗೆ ಒಂದು ಸತೋಷಿಯೂ, ಅಂದರೆ ಬಿಟ್‌ಕಾಯಿನ್‌ನ ಅತಿ ಸಣ್ಣ ತುಣುಕೂ, ಖರ್ಚಿಲ್ಲ. ಹಾಗಾಗಿ ಮಿತಿ ಬೇಕೇ ಬೇಕು. ಕೋರ್‌ನಲ್ಲಿ ಒಂದು ಕಾಲಕ್ಕೆ 10,000 ಅನಾಥಗಳವರೆಗೆ ಇಟ್ಟುಕೊಳ್ಳುತ್ತಿದ್ದರು. ಮುಂದೆ ಅದನ್ನು 100ಕ್ಕೆ ಇಳಿಸಿದರು, ಬಹಳ ವರ್ಷ ಅದೇ ನಡೆಯಿತು. ಒಂದೊಂದಕ್ಕೆ ಗರಿಷ್ಠ ತೂಕ (ವಹಿವಾಟಿನ ಗಾತ್ರ ಅಳೆಯುವ ಮಾನ) 4,00,000 ಘಟಕ, ಕಾಯುವ ಅವಧಿ 20 ನಿಮಿಷ. 100 ತುಂಬಿದ ಮೇಲೆ ಇನ್ನೊಂದು ಬಂದರೆ ಯಾವುದೋ ಒಂದನ್ನು ಲಾಟರಿ ಎತ್ತಿದ ಹಾಗೆ ಆರಿಸಿ ಎಸೆಯುತ್ತಿದ್ದರು. ಇದು ಅಸಡ್ಡೆಯಲ್ಲ. ಹಳೆಯದನ್ನು ಎಸೆ, ದೊಡ್ಡದನ್ನು ಎಸೆ ಎಂಬ ಯಾವ ನಿಶ್ಚಿತ ನಿಯಮವಿದ್ದರೂ ಆಕ್ರಮಣಕಾರ ಅದಕ್ಕೆ ಸರಿಯಾಗಿ ತನ್ನ ಕಸವನ್ನು ಕತ್ತರಿಸಿಕೊಂಡು ಬರುತ್ತಾನೆ.

ನೆನಪಿನ ಜಾಗವೊಂದೇ ಚಿಂತೆಯಲ್ಲ, ಸಮಯವೂ ಚಿಂತೆಯೇ. ಹಳೆಯ ಕೋರ್‌ನಲ್ಲಿ ಪೋಷಕ ಒಪ್ಪಿತವಾದ ಕೂಡಲೇ ಅದನ್ನು ನಂಬಿ ಕೂತ ಎಲ್ಲ ಅನಾಥಗಳನ್ನೂ ಒಂದೇ ಉಸಿರಿಗೆ ಪರೀಕ್ಷಿಸುತ್ತಿದ್ದರು. ಪರೀಕ್ಷೆ ಮುಗಿಯುವವರೆಗೆ ಬೇರೆ ಸಂದೇಶ ನೋಡುವಂತಿಲ್ಲ. ಬೇಕೆಂದೇ ಕಷ್ಟದ ಸಹಿಗಳನ್ನು ತುಂಬಿದ ಅನಾಥಗಳನ್ನು ಮೊದಲೇ ಕೂರಿಸಿ, ಆಮೇಲೆ ಪೋಷಕನನ್ನು ಬಿಟ್ಟರೆ ನೋಡ್ ಗಂಟೆಗಟ್ಟಲೆ ಸ್ತಬ್ಧವಾಗಿ ಕೂರುವ ಸಾಧ್ಯತೆ ಇತ್ತು. 2019ರ ಮೇ ತಿಂಗಳಲ್ಲಿ ಬಂದ 0.18 ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು: ಒಂದು ಸಲಕ್ಕೆ ಒಂದೇ ಅನಾಥ, ನಡುವೆ ಬೇರೆಯವರ ಸಂದೇಶ, ಮತ್ತೆ ಇನ್ನೊಂದು ಅನಾಥ. ಈ ದೋಷದ ವಿವರ ಹೊರಬಂದದ್ದು 2024ರಲ್ಲಿ. ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದರು ಎಂದು ಕೆಲವರು ಮೂಗು ಮುರಿದರೆ ನಾನು ಆ ಗುಂಪಿಗೆ ಸೇರುವುದಿಲ್ಲ. ಹಳೆಯ ಆವೃತ್ತಿ ಓಡಿಸುವವರು ಜಾಲದಿಂದ ಅಷ್ಟು ಬೇಗ ಹೋಗುವುದಿಲ್ಲ.

ಅನಾಥಗಳ ಇನ್ನೊಂದು ಚಮತ್ಕಾರ ನನಗೆ ಬಹಳ ಇಷ್ಟ, ಅದು ದುರುಪಯೋಗವೇ ಆದರೂ. ಯಾವ ನೋಡ್ ಯಾವುದಕ್ಕೆ ಸಂಪರ್ಕ ಹೊಂದಿದೆ ಎಂಬುದು ಬಿಟ್‌ಕಾಯಿನ್‌ನಲ್ಲಿ ಗುಟ್ಟು. 2018ರಲ್ಲಿ ಟಿಎಕ್ಸ್‌ಪ್ರೋಬ್ ಎಂಬ ಹೆಸರಿನ ಸಂಶೋಧನೆಯೊಂದು ಆ ಗುಟ್ಟನ್ನು ಅನಾಥಗಳ ಮೂಲಕ ಬಿಡಿಸಿತು. ಒಂದೇ ಹಣವನ್ನು ಖರ್ಚು ಮಾಡುವ ಎರಡು ವಹಿವಾಟು ತಯಾರಿಸಿ. ಮೊದಲನೆಯದನ್ನು ಒಂದು ನೋಡ್‌ಗೆ ಮಾತ್ರ ಕೊಡಿ, ಎರಡನೆಯದನ್ನು ಉಳಿದವರಿಗೆಲ್ಲ ಕೊಡಿ. ಎರಡೂ ಒಟ್ಟಿಗೆ ಇರಲಾರವು, ಹಾಗಾಗಿ ಮೊದಲನೆಯದು ಅಲ್ಲಿಂದ ಆಚೆ ಹರಡುವುದಿಲ್ಲ. ಈಗ ಮೊದಲನೆಯದರ ಮಗುವನ್ನು ಆ ಒಂದು ನೋಡ್‌ಗೆ ಕೊಡಿ. ಅದು ತನ್ನ ನೆರೆಯವರಿಗೆ ದಾಟಿಸುತ್ತದೆ. ಅವರ ಬಳಿ ಪೋಷಕ ಇಲ್ಲ, ಮಗು ಅಲ್ಲಿ ಅನಾಥವಾಗಿ ಕೂರುತ್ತದೆ, ಮುಂದೆ ಹೋಗುವುದಿಲ್ಲ. ಆಮೇಲೆ ಒಬ್ಬೊಬ್ಬರಿಗೂ "ನನ್ನ ಬಳಿ ಈ ಮಗು ಇದೆ" ಎನ್ನಿ. ಕೊಡು ಎಂದವನ ಬಳಿ ಅದಿಲ್ಲ. ಸುಮ್ಮನಿದ್ದವನ ಬಳಿ ಆಗಲೇ ಇದೆ, ಅಂದರೆ ಅವನು ಆ ನೋಡ್‌ನ ನೆರೆಯವನು. ಮೌನವೇ ಸಾಕ್ಷಿ! ಈ ಅಳತೆಗೆ ಉಳಿದವರ ಅನಾಥಾಲಯವನ್ನು ಖಾಲಿ ಮಾಡಿಸಬೇಕಾಗುತ್ತದೆ, ಅದು ಬೇರೆಯವರಿಗೆ ತೊಂದರೆ. ಹಾಗಾಗಿ ಸಂಶೋಧಕರು ಇದನ್ನು ಪರೀಕ್ಷಾ ಜಾಲದಲ್ಲಿ ಮಾಡಿದರು, ಮುಖ್ಯ ಜಾಲದಲ್ಲಿ ಅಲ್ಲ.

ಇಷ್ಟೆಲ್ಲ ಕಾಟ ಕೊಡುವ ವ್ಯವಸ್ಥೆಯನ್ನು ಕಿತ್ತೇ ಹಾಕಬಾರದೇಕೆ? ಅನಾಥ ಬಂದರೆ ಎಸೆಯಿರಿ, ಪೋಷಕ ಬಂದ ಮೇಲೆ ಮತ್ತೆ ಬರಲಿ ಎನ್ನುವ ವಾದ ಬಹಳ ಕಾಲ ಸಮಂಜಸವಾಗಿಯೇ ಇತ್ತು. ಬ್ಲಾಕ್‌ನ ನಿಯಮಗಳಿಗೆ ಅನಾಥ ಎಂಬ ಕಲ್ಪನೆಯೇ ಇಲ್ಲ. ಬ್ಲಾಕ್‌ನಲ್ಲಿ ಪೋಷಕ ಮಗುವಿಗಿಂತ ಮೊದಲು ಇರಲೇಬೇಕು. ಇದೆಲ್ಲ ಒಂದೊಂದು ನೋಡ್‌ನ ಸ್ವಂತ ಸೌಜನ್ಯ. ಆದರೆ 2024ರ ಅಕ್ಟೋಬರ್‌ನ ನಂತರ ನಾನು ಆ ವಾದವನ್ನು ಒಪ್ಪುವುದಿಲ್ಲ. ಕಾರಣ ಲೈಟ್ನಿಂಗ್, ಬಿಟ್‌ಕಾಯಿನ್ ಮೇಲೆ ಕಟ್ಟಿದ ಪಾವತಿ ಜಾಲ.

ಲೈಟ್ನಿಂಗ್ ಜಾಲದಲ್ಲಿ ಇಬ್ಬರು ತಮ್ಮ ನಡುವಿನ ಪಾವತಿಗಳಿಗೆ ಒಂದು ಚಾನೆಲ್ ತೆರೆದು, ಬೇಕಾದಾಗ ಜಾಲಕ್ಕೆ ಬಿಡಲು ವಹಿವಾಟೊಂದಕ್ಕೆ ಮೊದಲೇ ಸಹಿ ಹಾಕಿಟ್ಟುಕೊಂಡಿರುತ್ತಾರೆ. ಶುಲ್ಕ ನಿಗದಿಯಾದದ್ದು ಸಹಿ ಹಾಕಿದ ದಿನ, ಬಿಡುವ ದಿನ ತಿಂಗಳುಗಳ ಆಚೆ ಇರಬಹುದು. ಅಷ್ಟರಲ್ಲಿ ಜಾಲದಲ್ಲಿ ನೂಕುನುಗ್ಗಲು. ಮೆಂಪೂಲ್‌ನ ಪೂರ್ವನಿಯೋಜಿತ ಗಾತ್ರ 300 ಎಂಬಿ. ಅದು ತುಂಬಿದರೆ ಒಳಬರುವ ಕನಿಷ್ಠ ಶುಲ್ಕ ಮೇಲೇರುತ್ತದೆ. ಹಳೆಯ ಸಹಿಯ ವಹಿವಾಟು ಬಾಗಿಲಲ್ಲೇ ವಾಪಸ್. ಪರಿಹಾರ ಎಂದರೆ ಹೆಚ್ಚು ಶುಲ್ಕದ ಮಗುವೊಂದನ್ನು ಹುಟ್ಟಿಸಿ, ಎರಡರ ಸರಾಸರಿಯಲ್ಲಿ ಪೋಷಕನನ್ನು ದಡ ಸೇರಿಸುವುದು. ಆದರೆ ನೋಡ್ ಒಂದೊಂದನ್ನೇ ನೋಡುತ್ತದೆ: ಪೋಷಕ ಬಂದ, ಶುಲ್ಕ ಸಾಲದು, ನಿರಾಕರಣೆ. ಮಗು ಬಂತು, ಪೋಷಕ ನಿರಾಕೃತ, ಅದೂ ನಿರಾಕರಣೆ. ಹಣ ಕೊಡಲು ಸಿದ್ಧನಿರುವವನ ಮಾತು ಕೇಳುವವರೇ ಇಲ್ಲ. ಚಾನೆಲ್‌ನಲ್ಲಿ ಮೋಸಗಾರ ಎದುರಿಗಿದ್ದರೆ ಗಡುವು ಮೀರಿ ಹಣವೇ ಹೋಗಬಹುದು.

2024ರ ಅಕ್ಟೋಬರ್‌ನ ಕೋರ್ 28 ಆವೃತ್ತಿ ಇದಕ್ಕೆ ತಂದ ಉಪಾಯಕ್ಕೆ ಬೇರೆ ಹೊಸ ಸಂದೇಶವೂ ಬೇಕಾಗಲಿಲ್ಲ. ಶುಲ್ಕ ಕಡಿಮೆ ಎಂಬ ಒಂದೇ ಕಾರಣಕ್ಕೆ ಬಿದ್ದ ಪೋಷಕನನ್ನು ಬೇರೆ ಪಟ್ಟಿಯಲ್ಲಿ, ಮರುಪರಿಶೀಲಿಸಬಹುದಾದವರ ಪಟ್ಟಿಯಲ್ಲಿ ಬರೆದಿಡುತ್ತಾರೆ. ಮಗು ಬಂದಾಗ ಅದನ್ನು ತಿರಸ್ಕರಿಸದೆ ಅನಾಥವಾಗಿ ಇಟ್ಟುಕೊಂಡು, ಪೋಷಕನನ್ನು ಮತ್ತೆ ಕೇಳುತ್ತಾರೆ. ಎರಡೂ ಕೈಗೆ ಬಂದ ಮೇಲೆ ಜೋಡಿಯಾಗಿ ತೂಗುತ್ತಾರೆ. ಒಬ್ಬ ಪೋಷಕ, ಒಂದು ಮಗು, ಅಷ್ಟೇ. ಮೂರು ತಲೆಮಾರಿನ ಸರಪಳಿ ಇದರಲ್ಲಿ ಸಲ್ಲುವುದಿಲ್ಲ. ಅಂಥದ್ದಕ್ಕೆ ಪೂರ್ವಜರನ್ನೆಲ್ಲ ಒಟ್ಟಿಗೆ ಕೇಳುವ ವಿಧಾನವನ್ನು ಬಿಐಪಿ 331 ಪ್ರಸ್ತಾಪಿಸುತ್ತದೆ. ಹೀಗೆ ಅಪಘಾತಗಳಿಗೆಂದು ಕಟ್ಟಿದ ಜಾಗವೇ ಲೈಟ್ನಿಂಗ್‌ನ ಸುರಕ್ಷತೆ ಹಾದುಹೋಗುವ ದಾರಿಯಾಯಿತು.

ದಾರಿಯಾದ ಮೇಲೆ ಕಾವಲೂ ಬೇಕು. 100ರ ಮಿತಿ, ಲಾಟರಿ ಎಸೆತ ಇದ್ದಾಗ ಆಕ್ರಮಣಕಾರ ಬಿಟ್ಟಿ ಅನಾಥಗಳನ್ನು ಸುರಿಯುತ್ತಲೇ ಹೋದರೆ ನಿಮ್ಮ ಮಗು ಯಾವುದೋ ಒಂದು ಸುತ್ತಿನಲ್ಲಿ ಹೊರಬೀಳುತ್ತದೆ. ಮೊದಲು ಅದು ಸಣ್ಣ ಅನಾನುಕೂಲ, ಈಗ ಹಣದ ವಿಷಯ. 2025ರ ಏಪ್ರಿಲ್‌ನ 29ನೇ ಆವೃತ್ತಿಯಲ್ಲಿ ಅನಾಥದ ಸುದ್ದಿ ತಂದ ಎಲ್ಲ ನೆರೆಯವರನ್ನೂ ನೆನಪಿಟ್ಟು, ಒಬ್ಬ ಪೋಷಕನನ್ನು ಕೊಡದಿದ್ದರೆ ಇನ್ನೊಬ್ಬನನ್ನು ಕೇಳುವ ವ್ಯವಸ್ಥೆ ಬಂತು. ಅದೇ ವರ್ಷದ ಅಕ್ಟೋಬರ್‌ನ 30ನೇ ಆವೃತ್ತಿಯಲ್ಲಿ 100ರ ಮಿತಿಯನ್ನೇ ತೆಗೆದುಹಾಕಿದರು.

ಅದರ ಬದಲಿಗೆ ಬಂದ ಲೆಕ್ಕವೇ ಈ ಇಡೀ ಕಥೆಯ ತಿರುಳು ಎಂದು ನನ್ನ ಅಭಿಪ್ರಾಯ. ಶುಲ್ಕದಿಂದ ಅಳೆಯಲು ಆಗುವುದಿಲ್ಲ, ಹಾಗಾದರೆ ಯಾವುದರಿಂದ? ತಂದವನಿಂದ. ಒಟ್ಟು ತೂಕದ ಮಿತಿ, ಸಂಪರ್ಕದಲ್ಲಿರುವ ಪ್ರತಿ ನೆರೆಯವನಿಗೆ 4,04,000 ಘಟಕದಂತೆ. ಈ ಸಂಖ್ಯೆ ಆಕಾಶದಿಂದ ಬಿದ್ದದ್ದಲ್ಲ, ಒಂದು ಇಡೀ ಕುಟುಂಬಕ್ಕೆ ಮೆಂಪೂಲ್ ಬಹುಕಾಲ ಇಟ್ಟುಕೊಂಡಿದ್ದ 101 ಸಾವಿರ ವರ್ಚುವಲ್ ಬೈಟ್‌ನ ನಾಲ್ಕು ಪಟ್ಟು, ಯಾಕೆಂದರೆ ಒಂದು ವರ್ಚುವಲ್ ಬೈಟ್ ಎಂದರೆ ತೂಕದ ನಾಲ್ಕು ಘಟಕ. ಜೊತೆಗೆ ಸಂಖ್ಯೆಯ ಮಿತಿ 3,000. ಒಂದೇ ಅನಾಥವನ್ನು ಇಬ್ಬರು ತಂದರೆ ಎರಡು ಎಂದು ಎಣಿಸುತ್ತಾರೆ, ಇನ್‌ಪುಟ್ ಹೆಚ್ಚಿರುವವಕ್ಕೆ ಹತ್ತು ಇನ್‌ಪುಟ್‌ಗೆ ಒಂದರಂತೆ ಇನ್ನಷ್ಟು ಸೇರಿಸುತ್ತಾರೆ. ಮಿತಿ ಮೀರಿದಾಗ ತನ್ನ ಪಾಲಿಗಿಂತ ಅತಿ ಹೆಚ್ಚು ಜಾಗ ತಿಂದವನ ಹಳೆಯ ಅನಾಥಗಳು ಮೊದಲು ಹೊರಗೆ. ಅದೇ ಅನಾಥವನ್ನು ಪ್ರಾಮಾಣಿಕನೊಬ್ಬನೂ ತಂದಿದ್ದರೆ ಅವನ ಲೆಕ್ಕದಲ್ಲಿ ಅದು ಉಳಿಯುತ್ತದೆ. ಈಗ ಕಸ ಸುರಿಯುವವನು ತನ್ನ ಕಸವನ್ನೇ ತಾನು ನೂಕಿಕೊಳ್ಳುತ್ತಾನೆ. 125 ಸಂಪರ್ಕಗಳಿದ್ದರೂ ಒಟ್ಟು ತೂಕ ಸುಮಾರು 5 ಕೋಟಿ ಘಟಕ, ಹೆಚ್ಚೆಂದರೆ 50 ಎಂಬಿ ಆಸುಪಾಸು. ಹಳೆಯ ವ್ಯವಸ್ಥೆಯ ಗರಿಷ್ಠವೂ 40 ಎಂಬಿ ಹತ್ತಿರವೇ ಇತ್ತು. ಜಾಗ ಅಷ್ಟೇ, ಹಂಚಿದ ರೀತಿ ಬೇರೆ.

ಇನ್ನೊಂದು ಕ್ರಿಪ್ಟೋಕರೆನ್ಸಿ ಜಾಲವಾದ ಇಥೀರಿಯಂ ಬಗ್ಗೆ ಎರಡು ಮಾತು. ಅಲ್ಲಿ ಖಾತೆಗಳಿವೆ, ಪ್ರತಿ ಖಾತೆಯ ವಹಿವಾಟಿಗೂ ನಾನ್ಸ್ ಎಂಬ ಕ್ರಮಸಂಖ್ಯೆ ಇದೆ. 8 ಬರಬೇಕಾದಲ್ಲಿ 9 ಬಂದರೆ ಅದು ಅಪೂರ್ಣ. ಗೆಥ್ ತಂತ್ರಾಂಶ ಅದನ್ನು ಕ್ಯೂ ಎಂಬ ಬೇರೆ ಸಾಲಿನಲ್ಲಿಟ್ಟು, ಬೇರೆಯವರಿಗೆ ದಾಟಿಸದೆ ಕಾಯುತ್ತದೆ. ಪೂರ್ವನಿಯೋಜಿತವಾಗಿ ಖಾತೆಗೆ 64, ಒಟ್ಟು 1,024, ಕಾಯುವ ಅವಧಿ 3 ಗಂಟೆ. ಬಿಟ್‌ಕಾಯಿನ್‌ಗಿಂತ ಇಲ್ಲಿ ಸ್ಥಿತಿ ಸುಲಭ, ಯಾಕೆಂದರೆ ಖಾತೆಯಲ್ಲಿ ಹಣ ಎಷ್ಟಿದೆ, ಸಹಿ ಯಾರದು ಎಂಬುದು ಗೊತ್ತಾಗುತ್ತದೆ. ಅಡ್ಡ ಬಂದಿರುವುದೂ ಕಳಿಸಿದವನದೇ ಇನ್ನೊಂದು ವಹಿವಾಟು. ಆದರೂ 8 ಬರುವವರೆಗೆ 9ಕ್ಕೆ ಶುಲ್ಕ ಕಡಿತವಾಗುವುದಿಲ್ಲ. ಎಂದೂ ಬಾರದ 8ನ್ನು ನಂಬಿಸಿ ಮೆಂಪೂಲ್ ತುಂಬಿಸುವ ದಾರಿಗಳನ್ನು 2021ರಲ್ಲಿ ಸಂಶೋಧಕರು ತೋರಿಸಿದರು.

ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ. "ನನ್ನ ವಹಿವಾಟನ್ನು ಅನಾಥ ಎಂದು ನೋಡ್ ಎಸೆದರೆ ಹಣ ಹೋಯಿತೇ ಸರ್?" ಎಂದು ಒಬ್ಬರು ಕೇಳಿದರು. ಇಲ್ಲ. ಬ್ಲಾಕ್ ಸೇರುವವರೆಗೆ ಹಣ ಹಳೆಯ ಔಟ್‌ಪುಟ್‌ನಲ್ಲೇ ಇರುತ್ತದೆ, ಒಂದು ನೋಡ್ ಎಸೆದದ್ದು ಇನ್ನೊಂದರಲ್ಲಿ ಇರಬಹುದು, ವ್ಯಾಲೆಟ್ ಮತ್ತೆ ಕಳಿಸಬಹುದು. ಲೈಟ್ನಿಂಗ್‌ನಂತೆ ಗಡುವು ಇದ್ದಲ್ಲಿ ಮಾತ್ರ ತಡವೇ ನಷ್ಟ.

ತಮ್ಮದೇ ನೋಡ್ ಓಡಿಸುವ ಯುವತಿಯೊಬ್ಬರು ಇವನ್ನು ಕಣ್ಣಾರೆ ನೋಡಬಹುದೇ ಎಂದರು. ಖಂಡಿತ. 29ನೇ ಆವೃತ್ತಿಯಿಂದ ಗೆಟ್‌ಆರ್ಫನ್‌ಟಿಎಕ್ಸ್ಸ್ ಎಂಬ ಆದೇಶವಿದೆ. ಸಹಾಯದ ಪಟ್ಟಿಯಲ್ಲಿ ಅದು ಕಾಣುವುದಿಲ್ಲ, ಪ್ರಾಯೋಗಿಕ ಎಂದು ಮರೆಯಲ್ಲಿಟ್ಟಿದ್ದಾರೆ. ವಿವರ ಹೆಚ್ಚು ಕೇಳಿದರೆ ಯಾವ ಯಾವ ನೆರೆಯವನು ತಂದ ಎಂಬುದನ್ನೂ ಹೇಳುತ್ತದೆ. ಹಳೆಯ ಮೆಂಪೂಲ್ ಕಡತವನ್ನು ಓದದಂತೆ ಮಾಡಿ ನೋಡ್ ಅನ್ನು ಮತ್ತೆ ಶುರು ಮಾಡಿ, ಮೊದಲ ಕೆಲವು ನಿಮಿಷ ಆ ಆದೇಶ ಕೊಡುತ್ತಿರಿ. ಸಿಕ್ಕಿದ್ದರಲ್ಲಿ ಒಂದರ ಗುರುತು ಹಿಡಿದು, ಅದು ಮೆಂಪೂಲ್‌ಗೆ ದಾಟಿತೋ ಹೇಳಹೆಸರಿಲ್ಲದೆ ಹೋಯಿತೋ ನೀವೇ ಹಿಂಬಾಲಿಸಬಹುದು.